ಹಿಂದಕ್ಕೆ ತಿರುಗಿಸುವ ಎರಡಕ್ಷರ

ಹೊಳೆಯ ದಂಡೆಗೆ ಒಂದು ಹಳೆಯ ಕಲ್ಲಿನ ಮಂಟಪ. ಮಂಟಪದಲ್ಲಿ ಒಬ್ಬ ಅಜ್ಜ.

ನಲವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವನು. ಪೇಟೆಯ ಮನೆ ಬಿಟ್ಟು ಇಲ್ಲಿ ಬಂದು ಕೂತ ಮೇಲೆ ಜನ ಅವನ ಹೆಸರು ಮರೆತರು. ಶಬ್ದದಜ್ಜ ಅನ್ನತೊಡಗಿದರು.

ಕಲಿಯಲು ಬಂದವರಿಗೆ ಅವನದು ಒಂದೇ ನೇಮ. ದಿನಕ್ಕೊಂದು ಶಬ್ದ. ಆ ಶಬ್ದವನ್ನು ಕೈಯಾರೆ ಮಾಡಿ ತೋರಿಸಬೇಕು. ಮಾಡಿ ತೋರಿಸದ ಹೊರತು ಎರಡನೆಯದು ಸಿಗುವುದಿಲ್ಲ.

ಬಂದವರು ಬಹಳ ಮಂದಿ. ಮೂರು ದಿನ ನಿಂತವರು ಕಡಿಮೆ.

ಒಂದು ಮಧ್ಯಾಹ್ನ ಗದಿಗೆಪ್ಪ ಬಂದ. ಮೂವತ್ತರ ಆಸುಪಾಸಿನವನು. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಕಂಕುಳಲ್ಲಿ ಇನ್ನೂರು ಪುಟದ ಹೊಸ ನೋಟ್‌ಬುಕ್ಕು.

“ಅಜ್ಜಾರ, ಇಂಗ್ಲಿಷ್ ಕಲೀಬೇಕ್ರಿ.”

“ಎಷ್ಟು?”

“ಪೂರಾ ಬ್ಯಾಡ್ರಿ. ಅನ್ ಅಂತ ಶುರು ಆಗತಾವಲ್ಲ, ಅಷ್ಟ ಸಾಕು.”

“ಉಳಿದದ್ದು?”

“ಉಳಿದದ್ದು ಇಂಗ್ಲಿಷಿನವರಿಗೆ ಇರಲ್ರಿ.”

ಅಜ್ಜ ನಕ್ಕ. ಬಾಯಲ್ಲಿ ಎರಡೇ ಹಲ್ಲು ಇದ್ದವು.

“ಅದರ ಮ್ಯಾಲೆ ಯಾಕಿಷ್ಟು ಪ್ರೀತಿ?”

“ಅಂಗಡ್ಯಾಗ ದಿನಾ ನೋಡತೀನ್ರಿ. ಲಾಕ್ ಅಂದ್ರ ಬೀಗ ಬೀಳತೈತಿ, ಅನ್‌ಲಾಕ್ ಅಂದ್ರ ತೆರೀತೈತಿ. ಇನ್‌ಸ್ಟಾಲ್ ಮಾಡಿದ್ದು ಅನ್‌ಇನ್‌ಸ್ಟಾಲ್ ಅಂದ್ರ ಹೋಗೇ ಬಿಡತೈತಿ. ಅನ್‌ಡೂ ಅಂತೂ ಕೇಳಬ್ಯಾಡ್ರಿ, ಒತ್ತಿದ್ರ ಮಾಡಿದ್ದ ಮಾಡೇ ಇಲ್ಲ. ಎರಡ ಅಕ್ಷರ ಮುಂದ ಇಟ್ರ ಸಾಕು, ಹೊತ್ತು ಹಿಂದಕ ತಿರಗತೈತಿ. ನಮ್ಮ ಮಾತಿನ್ಯಾಗ ಹಂಗ ಎಲ್ಲಿ ಐತ್ರಿ? ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು.”

“ಅಂಕಲ್ ಅನ್ನೋದೂ ಅನ್ ಅಂತನ ಶುರು ಆಗತೈತಿ.”

ಗದಿಗೆಪ್ಪ ಯೋಚಿಸಿದ. “ಹೌದಲ್ರಿ. ಅದರಾಗ ಏನ್ರಿ ಹಿಂದಕ ತಿರಗೋದು?”

“ಏನೂ ಇಲ್ಲ. ಮೊದಲ ಅಕ್ಷರ ಒಂದ ಆದ್ರ ಬೀಗರಾಗಂಗಿಲ್ಲ ತಮ್ಮ. ಅದು ಬ್ಯಾರೆ ಮನಿ ಶಬ್ದ.” ಅಜ್ಜ ಅವನ ಮುಖ ನೋಡಿದ. “ನಿನಗ ಯಾವುದನ್ನ ಹಿಂದಕ ತಿರಗಸಬೇಕಾಗೈತಿ?”

ಗದಿಗೆಪ್ಪ ಹೊಳೆಯ ಕಡೆ ನೋಡಿದ. ಮತ್ತೆ ಬೇಗನೆ ಕಣ್ಣು ಹೊರಳಿಸಿದ.

“ಆಡಿದ ಮಾತೊಂದ್ರಿ. ಅಮಾಸಿ ಒಳಗ ತಿರಗಬೇಕು. ಇನ್ನ ನಾಕ ದಿನ ಐತಿ.”

“ನೋಟ್‌ಬುಕ್ಕು ಕೆಳಗ ಇಡು. ಕೈ ಖಾಲಿ ಇರಲಿ.”

ದಂಡೆಯ ಒಂದು ಕಲ್ಲಿಗೆ ಹರಿಗೋಲು ಕಟ್ಟಿತ್ತು. ಸೇತುವೆ ಆದಮೇಲೆ ಹತ್ತುವವರಿಲ್ಲದ ಹರಿಗೋಲು. ಹಗ್ಗ ನೀರು ಕುಡಿದು ಉಬ್ಬಿತ್ತು. ಗಂಟು ಕಲ್ಲಿನ ಜೊತೆಗೇ ಕಲ್ಲಾಗಿತ್ತು.

“ಇವತ್ತಿನ ಶಬ್ದ ಅನ್‌ಟೈ,” ಅಂದ ಅಜ್ಜ. “ಕಟ್ಟಿದ್ದನ್ನ ಬಿಚ್ಚೋದು. ಬಿಚ್ಚು.”

ಹರಿಗೋಲು ಯಾರದು ಅಂತ ಗದಿಗೆಪ್ಪನಿಗೆ ಗೊತ್ತಿತ್ತು. ಗಂಟು ಹಾಕಿದ ಕೈ ಯಾರದು ಅಂತಲೂ ಗೊತ್ತಿತ್ತು. ಅವನು ಹೇಳಲಿಲ್ಲ. ಅಜ್ಜ ಕೇಳಲಿಲ್ಲ.

ಒಂದು ತಾಸು ಎಳೆದ. ಉಗುರು ಕಿತ್ತು ರಕ್ತ ಬಂತು. ಕೊನೆಗೆ ಜೇಬಿನಿಂದ ಸಣ್ಣ ಚಾಕು ತೆಗೆದ.

“ಕೊಯ್ಯೋದಕ್ಕ ಬ್ಯಾರೆ ಶಬ್ದ ಐತಿ,” ಅಂದ ಅಜ್ಜ, ಕಣ್ಣು ಮುಚ್ಚಿಕೊಂಡೇ.

ಚಾಕು ಜೇಬಿಗೆ ಹೋಯಿತು. ಹೊತ್ತು ಇಳಿಯುವಾಗ ಗಂಟು ಬಿಚ್ಚಿತು.

ಹೊಳೆ ಹರಿಯುತ್ತಿತ್ತು. ಕಸ, ಎಲೆ, ನೊರೆ ಎಲ್ಲ ಕೆಳಗೆ ಹೋಗುತ್ತಿದ್ದವು. ಹರಿಗೋಲು ಮಾತ್ರ ಇದ್ದಲ್ಲೇ ಇತ್ತು. ಹಗ್ಗವಿಲ್ಲದೆ, ಅಲುಗದೆ, ಯಾರೋ ಅಂಚು ಹಿಡಿದುಕೊಂಡು ನಿಂತ ಹಾಗೆ.

“ಯಾಕ ಹೋಗವಲ್ದು ಅಜ್ಜಾರ?”

“ಗಂಟು ಬಿಚ್ಚಿದಿ. ಹೋಗು ಅಂತ ಯಾರು ಅಂದಾರ?”

ಗದಿಗೆಪ್ಪ ಹಿಂತಿರುಗಿ ನೋಡದೆ ಮನೆಗೆ ನಡೆದ.

ಎರಡನೆಯ ದಿನ ಅಜ್ಜ ತನ್ನ ಕೌದಿ ಮುಂದೆ ಹಾಕಿದ. ಹಳೆ ಸೀರೆ, ಹಳೆ ಧೋತರ, ನೂರು ತುಂಡು ಕೂಡಿಸಿ ಹೊಲಿದ ಹೊದಿಕೆ.

“ಅನ್‌ಸ್ಟಿಚ್. ಹೊಲಿಗಿ ಬಿಡಸು.”

ಗದಿಗೆಪ್ಪ ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ ತೆಗೆದ. ಮೊಬೈಲಿನ ಒಳಗಿನ ಕೂದಲೆಳೆಯಂಥ ತಂತಿ ಹಿಡಿದ ಕೈ, ಕೆಲಸ ಚೊಕ್ಕವಾಯಿತು. ಮಧ್ಯಾಹ್ನದ ಹೊತ್ತಿಗೆ ನೂರು ತುಂಡೂ ಬೇರೆ ಬೇರೆಯಾಗಿ ಕಲ್ಲಿನ ಮೇಲೆ ಬಿದ್ದವು.

“ಗೊತ್ತಾತ್ರಿ ಅಜ್ಜಾರ. ಹೊಲಿಗಿ ಹೋದ್ರೂ ತೂತು ಉಳೀತಾವು, ಅದನ್ನ ಕಲಿಸಾಕ ಹತ್ತೀರಿ.”

“ನಾ ಏನೂ ಅನ್ನಲಿಲ್ಲ.”

“ಮತ್ತ?”

“ಬೆಳಗಿನ ಜಾವ ಚಳಿ ಐತಿ. ತಿರಗಿ ಹೊಲಿಯಾಕ ನಿನಗ ಬರತೈತೇನು?”

“ಇಲ್ರಿ.”

“ನನಗೂ ಬರಂಗಿಲ್ಲ. ಹೊಲಿದಾಕಿ ಹೋಗಿ ಹನ್ನೆರಡ ವರ್ಷಾತು.”

ಅಜ್ಜ ಒಂದು ಹಸಿರು ತುಂಡು ಎತ್ತಿ ಮೂಸಿ ನೋಡಿದ. ಮತ್ತೆ ಅಲ್ಲೇ ಇಟ್ಟ.

ಮೂರನೆಯ ದಿನ ಗದಿಗೆಪ್ಪ ತಾನೇ ಶಬ್ದಗಳನ್ನು ತಂದಿದ್ದ. ದಾರಿಯುದ್ದಕ್ಕೂ ಮಣಮಣ ಹೇಳಿಕೊಂಡು ಬಂದವನ ಹಾಗೆ ಬಾಯಿ ಒಣಗಿತ್ತು.

“ಅನ್‌ಬರ್ನ್ ಅಂತ ಐತೇನ್ರಿ? ಸುಟ್ಟದ್ದನ್ನ ಹಿಂದಕ ತರೋದು?”

“ಇಲ್ಲ.”

“ಅನ್‌ಬ್ರೇಕ್?”

“ಇಲ್ಲ.”

“ಅನ್‌ಈಟ್?”

“ಉಂಡದ್ದನ್ನ ಹಿಂದಕ ತರೋದು ನಮ್ಮ ಕಡೇನೂ ಐತಿ. ಅದಕ್ಕ ವಾಂತಿ ಅಂತಾರ.”

ಗದಿಗೆಪ್ಪ ನಗಲಿಲ್ಲ. ದನಿ ಇಳಿಸಿ ಕೇಳಿದ. “ಅನ್‌ಡ್ರೌನ್?”

ಅಜ್ಜ ಹರಿಗೋಲಿನ ಕಡೆ ನೋಡಿದ.

“ಮುಳುಗಿದ್ದಕ್ಕ ಅನ್ ಇಲ್ಲ ತಮ್ಮ.”

“ಯಾಕಿಲ್ರಿ?”

“ಇಂಗ್ಲಿಷಿನವರೂ ನಮ್ಮಂಗ ಮನಷ್ಯಾರ. ಗಂಟು, ಬೀಗ, ಹೊಲಿಗಿ, ಮುಚ್ಚಳ, ಹೊರಿ. ಕೈಯಿಂದ ಕಟ್ಟಿದ್ದು, ಕೈಯಿಂದ ಮುಚ್ಚಿದ್ದು, ಕೈಯಿಂದ ಹೇರಿದ್ದು. ಹೆಚ್ಚಾಗಿ ಅಂಥಾವಕ್ಕ ಅನ್ ಇಟ್ಟುಕೊಂಡಾರ. ಬೆಂಕಿಗೂ ನೀರಿಗೂ ಇಡಾಕ ಅವರಿಗೂ ಧೈರ್ಯ ಬಂದಿಲ್ಲ.”

“ಮತ್ತ ಅನ್‌ಹ್ಯಾಪಿ, ಅನ್‌ನೋನ್, ಅವು?”

“ಅವು ತಿರಗೋ ಅನ್ ಅಲ್ಲ. ಬರೇ ಇಲ್ಲ ಅನ್ನೋ ಅನ್. ಅನ್‌ನೋನ್ ಅಂದ್ರ ತಿಳಿದದ್ದನ್ನ ಹಿಂದಕ ಕೊಟ್ಟದ್ದಲ್ಲ. ತಿಳಿದೇ ಇಲ್ಲ. ಒಂದು ಅನ್ ಬಾಗಲ ತೆಗೀತೈತಿ. ಇನ್ನೊಂದು ಬಾಗಲ ಇದ್ದಲ್ಲಿ ಗ್ವಾಡಿ ನಿಲ್ಲಸತೈತಿ.”

“ಅನ್‌ಡೆಡ್ ಅಂದ್ರ?”

ಅಜ್ಜ ತಟ್ಟನೆ ತಲೆ ಎತ್ತಿದ. “ಆ ಶಬ್ದ ಎಲ್ಲಿ ಸಿಕ್ತು ನಿನಗ?”

“ಮೊಬೈಲ್ ಗೇಮಿನ್ಯಾಗ್ರಿ. ಸತ್ತವ ತಿರಗಿ ಬಂದಂಗೇನ್ರಿ?”

“ಅಲ್ಲ. ಸಾವು ತಿರಗಿಲ್ಲ. ಸತ್ತಾನ ಅಂತ ಅನ್ನಾಕೂ ಬರಂಗಿಲ್ಲ. ನಡುವ ನಿಂತಾನ.”

ಗದಿಗೆಪ್ಪ ಕಲ್ಲಿನ ಮೇಲೆ ಕೂತ.

“ಹಂಗಾದ್ರ ಅದ ಆಗೈತ್ರಿ ನಮ್ಮ ಮನ್ಯಾಗ.”

“ಹೇಳು.”

“ನಮ್ಮಣ್ಣ ದುಂಡಪ್ಪ. ಈ ಹೊಳೀಗೆ ಕಡೀ ಅಂಬಿಗ ಅಂವನ. ಸೇತುವಿ ಆತು, ಹರಿಗೋಲು ಹತ್ತೋರು ನಿಂತ್ರು, ಅಂವ ಕುಡಿಯಾಕ ಹತ್ತಿದ. ಒಂದಿನ ಮಧ್ಯಾಹ್ನ ಉಣ್ಣಾಕ ಕುಂತವ ಸಾರಿಗೆ ಉಪ್ಪಿಲ್ಲ ಅಂತ ಅವ್ವ ಇಟ್ಟ ಗಂಗಾಳ ಕಾಲಿಂದ ಒದ್ದ. ಬಿಸಿ ಅನ್ನ ಅವ್ವನ ಮೈಮ್ಯಾಲೆ ಬಿತ್ತು.”

“ನೀ ಏನ ಮಾಡಿದಿ?”

“ರಟ್ಟಿ ಹಿಡದು ಹೊರಗ ದಬ್ಬಿದೆ. ಹೊಸ್ತಿಲದ ಮ್ಯಾಲೆ ಕೈ ಇಟ್ಟು ಆಣಿ ಹಾಕಿದೆ. ಇದನ್ನ ದಾಟಿ ಒಳಗ ಬಂದ್ರ ನನ್ನ ಹೆಣ ನೋಡತಿ ಅಂದೆ.”

ಹೊಸ್ತಿಲು ಮುಟ್ಟಿ ಹಾಕಿದ ಆಣೆ ಆ ಕಡೆಯ ಜನಕ್ಕೆ ಕೋರ್ಟಿಗಿಂತ ದೊಡ್ಡದು. ಹಾಕಿಸಿಕೊಂಡವನು ದಾಟುವುದಿಲ್ಲ. ದಾಟಿದರೆ ಹಾಕಿದವನು ಉಳಿಯುವುದಿಲ್ಲ.

“ಅಂವ ಏನಂದ?”

“ನಕ್ಕ. ಆತು ಬಿಡೋ ತಮ್ಮಾ ಅಂದ. ಸೀದಾ ಹೊಳೀಗೆ ಬಂದ. ಹರಿಗೋಲು ಉಳೀತು, ಅಂವ ಉಳೀಲಿಲ್ಲ. ಮೂರು ಹಳ್ಳಿ ಮಂದಿ ನೀರಿಗಿಳದು ಹುಡುಕಿದ್ರು. ಹೆಣ ಸಿಗಲಿಲ್ರಿ.”

“ಆಮ್ಯಾಲೆ?”

“ಮರುದಿನ ಮಟಮಟ ಮಧ್ಯಾಹ್ನ ನಮ್ಮ ಅಂಗಳದಾಗ ಹಸೀ ಹೆಜ್ಜಿ ಬಂದ್ವು. ನೆಲ ಕಾದು ಹಂಚಾಗಿತ್ರಿ, ಆದ್ರೂ ಹಸಿ. ಎಡಗಾಲಿಗೆ ಕಿರಿಬಟ್ಟ ಇರಲಿಲ್ಲ. ನಮ್ಮಣ್ಣಗೂ ಇರಲಿಲ್ರಿ, ಸಣ್ಣವನಿದ್ದಾಗ ಕಲ್ಲ ಬಿದ್ದು ಹೋಗಿತ್ತು. ಹೊಸ್ತಿಲ ತನಕ ಬಂದು ನಿಂತ್ವು. ಅವತ್ತಿಂದ ದಿನಾ ಬರತಾವು, ಉಣ್ಣೋ ಹೊತ್ತಿಗೆ. ಇವತ್ತಿಗೆ ನಲವತ್ತು ದಿನ.”

“ತಿರಗಿ ಹೋಗತಾವೇನು?”

ಗದಿಗೆಪ್ಪ ದಂಡೆಯಿಂದ ನೀರಿಗೆ ಇಳಿಯುವ ಮೆಟ್ಟಿಲ ಕಡೆ ನೋಡಿದ.

“ಅದ ನೋಡ್ರಿ. ಬಂದದ್ದು ಕಾಣತೈತಿ. ಹೋದದ್ದು ಒಂದಿನಾನೂ ಕಂಡಿಲ್ಲ.”

ಹೊಳೆಯ ಮೇಲೆ ಗಾಳಿ ಇರಲಿಲ್ಲ. ಬಿಚ್ಚಿದ ಹರಿಗೋಲು ಇನ್ನೂ ಅಲ್ಲೇ ನಿಂತಿತ್ತು.

“ನಿಮ್ಮವ್ವ?”

“ದಿನಾ ಹೊಸ್ತಿಲ ಹೊರಗ ಗಂಗಾಳ ಇಡತಾಳ್ರಿ. ಅಂವ ಮುಟ್ಟಂಗಿಲ್ಲ. ನನ್ನ ಮಗ ಬೀದಿ ಊಟದವ ಅಲ್ಲ ಅಂತಾಳ. ಮೊನ್ನೆ ಅಂದ್ಲು, ಅಂವ ಒಳಗ ಬರೋ ಹಂಗಿಲ್ಲ, ಇನ್ನ ನಾನ ಹೊರಗ ಹೋಗತೀನಿ, ಅಮಾಸಿ ಮಧ್ಯಾಹ್ನ ಅವನ ಜೋಡಿ ಹೊಳೀಗೆ ಇಳೀತೀನಿ. ಬಿಳಿ ಸೀರಿ ಒಗದು ಮಡಚಿ ಇಟ್ಟಾಳ. ಕಿವ್ಯಾಗಿನ ಬೆಂಡೋಲಿ ಬಿಚ್ಚಿ ನನ್ನ ಹೆಂಡತಿಗೆ ಹಾಕಿ ತವರಿಗೆ ಕಳಿಸ್ಯಾಳ. ನಮ್ಮವ್ವ ಅಂದ ಮಾತು ತಪ್ಪಾಕಿ ಅಲ್ರಿ.”

“ಅಣ್ಣನ್ನ ಒಳಗ ಕರದ್ರ ಆತಲ್ಲ?”

“ಕರದ್ರ ದಾಟತಾನ್ರಿ. ದಾಟಿದ್ರ ನನ್ನ ಹೆಣ. ನಾ ಹಾಕಿದ ಆಣಿ ನನಗ ಗೊತ್ತಿಲ್ಲೇನು?”

“ಹಂಗಾದ್ರ ಅಂವ ಒಳಗ, ಇಲ್ಲಾ ಅವ್ವ ಹೊರಗ. ಎರಡ ದಾರಿ.”

“ಮೂರನೇದ ಕೇಳಾಕ ಬಂದೀನ್ರಿ.” ಗದಿಗೆಪ್ಪ ಅಜ್ಜನ ಕಾಲು ಹಿಡಿದ. “ಅನ್‌ಸೇ ಅಂತ ಒಂದ ಶಬ್ದ ಐತಂತ. ಆಡಿದ ಮಾತು ಆಡಿಲ್ಲ ಅಂತ ಮಾಡೋದು. ಅದನ್ನ ಕಲಿಸಿಬಿಡ್ರಿ.”

“ಐತಿ. ಡಿಕ್ಷನರಿಯೊಳಗ ಐತಿ. ಯಾರೋ ಆಸೀಗೆ ಹುಟ್ಟಿಸಿಕೊಂಡ ಶಬ್ದ. ನಲವತ್ತು ವರ್ಷ ಓದಿಸೀನಿ, ಅದನ್ನ ಮಾಡಿ ತೋರಿಸಿದವನ್ನ ಕಂಡಿಲ್ಲ. ನಾನೂ ಮಾಡಿಲ್ಲ. ಮಾಡದ ಶಬ್ದ ನಾ ಕಲಿಸಂಗಿಲ್ಲ.”

“ನಿಮ್ಮ ನೇಮಕ್ಕ ನಮ್ಮವ್ವ ಸಾಯಬೇಕೇನ್ರಿ?”

“ನಿನ್ನ ಅಂಜಿಕೀಗೆ ಸಾಯಬಹುದೇನು?”

ಗದಿಗೆಪ್ಪ ಎದ್ದ. ಕಾಲು ಹಿಡಿದ ಕೈ ಝಾಡಿಸಿಕೊಂಡು ಹೋದ.

ನಾಲ್ಕನೆಯ ದಿನ ಅವನು ಮಂಟಪಕ್ಕೆ ಬರಲಿಲ್ಲ. ಮಧ್ಯಾಹ್ನ ಮನೆಯಲ್ಲೇ ಹೊಸ್ತಿಲ ಒಳಗೆ ಕೂತ. ಮೊಬೈಲಿನಲ್ಲಿ ಶಬ್ದ ಹುಡುಕಿದ. ಪಕ್ಕದ ಸ್ಪೀಕರ್ ಚಿತ್ರ ಒತ್ತಿದ.

ಒಳಗಿನ ಹೆಣ್ಣುದನಿ ಹೇಳಿತು, ಅನ್‌ಸೇ.

ಅವನು ಹೊಸ್ತಿಲ ಮೇಲೆ ಕೈ ಇಟ್ಟು ಹೇಳಿದ, ಅನ್‌ಸೇ.

ಇನ್ನೊಮ್ಮೆ ಒತ್ತಿದ. ಇನ್ನೊಮ್ಮೆ ಹೇಳಿದ. ಅಣ್ಣನಿಗೆ ಅಂದದ್ದನ್ನು ನೆನೆಸಿಕೊಂಡು, ಒಂದೊಂದು ಅಕ್ಷರಕ್ಕೂ ಒಂದೊಂದು ಸಲ. ಬಾಯಿ ಜೋಮು ಹಿಡಿಯುವ ತನಕ.

ಉಣ್ಣುವ ಹೊತ್ತಾಯಿತು. ಅಂಗಳ ಒಣಗಿಯೇ ಇತ್ತು.

ಹೆಜ್ಜೆ ಬರಲಿಲ್ಲ.

ಒಳಗಿನಿಂದ ತಾಯಿ ನೀಲವ್ವ ಗಂಗಾಳ ಹಿಡಿದು ಬಂದಳು. ಹೊಸ್ತಿಲ ಹತ್ತಿರ ಬಂದು ನಿಂತಳು. ಗಂಗಾಳ ನೋಡಿದಳು, ಅಂಗಳ ನೋಡಿದಳು, ಮತ್ತೆ ಗಂಗಾಳ ನೋಡಿದಳು.

“ಯಾರಿಗೆ ಬಡಿಸೀನೋ ತಮ್ಮಾ ಇದನ್ನ?”

ಗದಿಗೆಪ್ಪ ಎದ್ದು ನಿಂತ. “ದುಂಡಪ್ಪಣ್ಣಗಲ್ಲೇನಬೇ?”

“ದುಂಡಪ್ಪ ಅಂದ್ರ ಯಾರು?”

ಗೋಡೆಯ ಮೇಲೆ ಫೋಟೋ ಇತ್ತು. ತಾಯಿ ನಡುವೆ, ಇಬ್ಬರು ಮಕ್ಕಳು ಆ ಕಡೆ ಈ ಕಡೆ. ಅವನು ಬೆರಳು ಮಾಡಿ ತೋರಿಸಿದ. ಅವಳು ಹತ್ತಿರ ಹೋಗಿ ನೋಡಿದಳು.

“ಇಂವ ಯಾರ ಪೈಕಿ? ಹಲ್ಲ ಚೊಲೋ ಅದಾವು.”

ಗದಿಗೆಪ್ಪ ಓಡಿ ಮಂಟಪಕ್ಕೆ ಬಂದ. ಅಜ್ಜ ಕೌದಿಯ ತುಂಡುಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದ.

“ಶಬ್ದ ಕೆಲಸ ಮಾಡತೈತ್ರಿ ಅಜ್ಜಾರ. ನಾನ ಮಾಡಿ ತೋರಿಸೀನಿ. ಆಣಿ ಹೋತು, ಹೆಜ್ಜಿ ಹೋದ್ವು. ಅವ್ವ ಮರತಾಳ.”

“ಏನ ಮರತಾಳ?”

“ಅಣ್ಣನ್ನ.”

“ಅತ್ತಳೇನು?”

“ಇಲ್ರಿ.”

“ನಕ್ಕಳೇನು?”

“ಇಲ್ರಿ.”

“ಮತ್ತೇನ ಮಾಡಾಕ ಹತ್ಯಾಳ?”

“ಆ ಗಂಗಾಳ ತೊಳದು ಬೋರಲ ಹಾಕ್ಯಾಳ್ರಿ. ಮತ್ತ ಎತ್ತಿ ಅನ್ನ ಹಾಕ್ಯಾಳ. ಮತ್ತ ಚೆಲ್ಲಿ ತೊಳದು ಬೋರಲ ಹಾಕ್ಯಾಳ. ನಾ ಬರೋವಾಗ ಏಳನೇ ಸಲ.”

“ನಾಳೆ ಅಮಾಸಿ.”

“ಇನ್ನೇನ್ರಿ ಅಮಾಸಿ? ಹೋಗೋ ಕಾರಣನ ಇಲ್ಲಲ್ಲ.”

ಅಜ್ಜ ಒಟ್ಟಿದ ಬಟ್ಟೆಯ ಮೇಲೆ ಕಲ್ಲು ಇಟ್ಟ.

“ಕಾರಣ ಹೋದ್ರ ಕಾಲು ನಿಲ್ಲತಾವೇನು?”

ಅಮಾವಾಸ್ಯೆಯ ದಿನ ಹೊತ್ತು ನೆತ್ತಿಗೆ ಬಂತು. ನೆರಳುಗಳೆಲ್ಲ ಕಾಲಬುಡಕ್ಕೆ ಸರಿದು ಅಡಗಿದವು.

ನೀಲವ್ವ ಎದ್ದಳು. ಮಡಚಿಟ್ಟ ಬಿಳಿ ಸೀರೆ ಉಟ್ಟಳು. ಹೊಸ್ತಿಲು ದಾಟಿದಳು.

“ಎಲ್ಲಿಗಬೇ?”

“ಗೊತ್ತಿಲ್ಲ ತಮ್ಮಾ.”

“ಮತ್ತ ಯಾಕ ಹೊಂಟಿ?”

“ಯಾರೋ ಕಾಯಾಕ ಹತ್ಯಾರ ಅನಸತೈತಿ. ಯಾರು ಅಂತ ತಿಳೀವಲ್ದು. ಹೋಗಿ ನೋಡಿದ್ರ ತಿಳದೀತು.”

ಗದಿಗೆಪ್ಪ ತಡೆದ. ರಟ್ಟೆ ಹಿಡಿದ. ಎಪ್ಪತ್ತರ ಹತ್ತಿರದ ಮುದುಕಿ, ಹತ್ತಿಯ ಹಾಗೆ ಹಗುರ. ಆದರೂ ಅವಳ ಕಾಲು ನಿಲ್ಲಲಿಲ್ಲ. ಹಿಡಿದ ಅವನೇ ಅವಳ ಹಿಂದೆ ಎಳೆಸಿಕೊಂಡು ಹೋದ. ಅವಳು ಎಳೆಯುತ್ತಿರಲಿಲ್ಲ. ನೀರು ಇಳಿಜಾರಿಗೆ ಹೋಗುವ ಹಾಗೆ ಸುಮ್ಮನೆ ಹೋಗುತ್ತಿದ್ದಳು.

ಹೊಳೆ ಬಂತು. ದಂಡೆಯ ಮರದಲ್ಲಿ ಒಂದು ಕಾಗೆಯೂ ಇರಲಿಲ್ಲ.

ಮೆಟ್ಟಿಲು ಕಂಡ ಕೂಡಲೇ ಗದಿಗೆಪ್ಪನ ಕೈ ತಾನಾಗಿ ಸಡಿಲಾಯಿತು.

ಮೆಟ್ಟಿಲ ತುಂಬ ಹಸೀ ಹೆಜ್ಜೆಗಳು. ಒಂದು ಜೋಡಿಯಲ್ಲ, ನಲವತ್ತು ಜೋಡಿ. ಸಾಲುಸಾಲಾಗಿ, ಮದುವೆಮನೆಯ ಪಂಕ್ತಿಗೆ ಕಾದು ನಿಂತವರ ಹಾಗೆ. ಎಲ್ಲವೂ ನೀರಿನಿಂದ ಮೇಲೆ ಬಂದವು, ಎಲ್ಲವೂ ಮೇಲಿನ ಮೆಟ್ಟಿಲಿಗೆ ಮುಖ ಮಾಡಿ ನಿಂತವು. ಎಲ್ಲ ಎಡಗಾಲಿಗೂ ಕಿರುಬೆರಳಿರಲಿಲ್ಲ.

ನೀಲವ್ವ ಇಳಿಯತೊಡಗಿದಳು. ಒಂದು ಹೆಜ್ಜೆಯನ್ನೂ ತುಳಿಯದ ಹಾಗೆ, ಸೀರೆಯ ನೆರಿಗೆ ಎತ್ತಿ ಹಿಡಿದು, ನಡುನಡುವೆ ಕಾಲಿಟ್ಟು ಇಳಿದಳು. ಮಲಗಿದ ಮಕ್ಕಳ ನಡುವೆ ದಾಟಿ ಹೋಗುವ ಹಾಗೆ.

ನೀರು ಪಾದಕ್ಕೆ ಬಂತು. ಮೊಣಕಾಲಿಗೆ ಬಂತು.

“ಅಜ್ಜಾರ,” ಗದಿಗೆಪ್ಪ ಮಂಟಪದ ಕಡೆ ತಿರುಗಿದ. “ಒಂದ ಶಬ್ದ ಕೊಡ್ರಿ. ಯಾವುದರ ಕೊಡ್ರಿ. ಎಲ್ಲಾ ಮಾಡತೀನಿ.”

ಅಜ್ಜ ಒಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಅವನದೇ ತಗ್ಗುಬಿದ್ದ ಗಂಗಾಳ ಇತ್ತು. ಅದನ್ನು ಮೆಟ್ಟಿಲ ಮೇಲೆ ಇಟ್ಟು, ಮುಂದೆ ಕೂತ.

“ಉಣ್ಣೋ ಹೊತ್ತಾತು,” ಅಂದ. “ನಿಮ್ಮ ಮನ್ಯಾಗ ಊಟಕ್ಕ ಹೆಂಗ ಕರೀತಾರ?”

ನೀರು ನೀಲವ್ವನ ನಡುವಿಗೆ ಬಂದಿತ್ತು. ಬಿಳಿ ಸೀರೆ ಸುತ್ತ ಹರಡಿ ತೇಲುತ್ತಿತ್ತು. ಹರಿಗೋಲು ಅವಳ ಕಡೆಗೆ ಒಂದು ಗೇಣು ಸರಿಯಿತು.

ಗದಿಗೆಪ್ಪ ಬಾಯಿ ತೆರೆದ. ಕೈ ತನ್ನ ಎದೆಯನ್ನೇ ಹಿಡಿದುಕೊಂಡಿತ್ತು, ಅಲ್ಲಿಂದ ಏನೋ ಹೋಗುತ್ತದೆ ಅನ್ನುವ ಹಾಗೆ.

“ಅಣ್ಣಾ,” ಅಂದ.

ಹೆಜ್ಜೆಗಳು ನಿಂತೇ ಇದ್ದವು.

“ದುಂಡಪ್ಪಣ್ಣಾ. ಉಣ್ಣಾಕ ಬಾ. ಮನೀಗೆ ಬಾ. ನಾ ಅಂದದ್ದು ಅಂದೀನಿ, ಅದು ಹಂಗ ಇರಲಿ. ನನ್ನ ಹೆಣ ಬಿದ್ರ ಬೀಳಲಿ. ನೀ ಹೊಸ್ತಿಲ ದಾಟಿ ಒಳಗ ಬಾ.”

ನೀರಿನ ನಡುವೆ ನೀಲವ್ವ ತಿರುಗಿದಳು. ಹುಬ್ಬು ಗಂಟಿಕ್ಕಿದ್ದಳು.

“ಯಾಕೋ ಹಂಗ ಒದರತಿ? ಅವನ ಕಿವಿ ಚೊಲೋ ಅದಾವು.”

ಅಷ್ಟು ಅಂದು ಅವಳು ದಂಡೆಗೆ ಹತ್ತತೊಡಗಿದಳು. ಅವಳು ಹತ್ತಿದ ಹಾಗೆ ಹೆಜ್ಜೆಗಳು ಸಾಲುಸಾಲಾಗಿ ಒಣಗಿದವು. ಮೂವತ್ತೊಂಬತ್ತು ಜೋಡಿ ಕಲ್ಲಿನೊಳಗೆ ಇಂಗಿ ಹೋದವು. ಒಂದು ಜೋಡಿ ಉಳಿಯಿತು. ಅದರ ಮುಂದೆ ಇನ್ನೊಂದು ಬಿತ್ತು. ಅದರ ಮುಂದೆ ಇನ್ನೊಂದು.

ಹಿಂದೆ ಹೊಳೆಯಲ್ಲಿ ಹರಿಗೋಲು ಒಂದು ಸುತ್ತು ತಿರುಗಿತು. ನೀರಿನ ಜೊತೆ ಕೆಳಗೆ ಹೊರಟುಹೋಯಿತು.

ಮೂರು ಜನ ಮನೆಗೆ ನಡೆದರು. ಮುಂದೆ ತಾಯಿ. ಹಿಂದೆ ಗದಿಗೆಪ್ಪ. ನಡುವೆ ಕಾದ ಮಣ್ಣಿನ ಮೇಲೆ ಒಂದೊಂದಾಗಿ ಬೀಳುತ್ತಿದ್ದ ಹಸೀ ಹೆಜ್ಜೆ. ದಾರಿಯುದ್ದಕ್ಕೂ ತಾಯಿ ಬೈಯುತ್ತಲೇ ಇದ್ದಳು. ಯಾರನ್ನು ಅಂತ ಗದಿಗೆಪ್ಪ ಕೇಳಲಿಲ್ಲ. ಅರ್ಧ ತನಗೆ, ಅರ್ಧ ಅಣ್ಣನಿಗೆ ಅಂತ ಲೆಕ್ಕ ಹಿಡಿದ.

ತಾಯಿ ಒಳಗೆ ಹೋದಳು. ಹೊಸ್ತಿಲ ಮುಂದೆ ಹೆಜ್ಜೆ ನಿಂತವು.

ಗದಿಗೆಪ್ಪ ಸುತ್ತಿ ಬಂದು ತಾನೂ ಒಳಗೆ ಹೋದ. ಬಂದ ನೆಂಟನಿಗೆ ದಾರಿ ಬಿಡುವ ಹಾಗೆ ಬಾಗಿಲಿಗೆ ಬೆನ್ನು ಹಚ್ಚಿ ಸರಿದು ನಿಂತ. ಕಣ್ಣು ಮುಚ್ಚಿದ.

ತಣ್ಣಗಿನದೇನೋ ಅವನ ಮೊಣಕೈ ಸವರಿ ಒಳಗೆ ಹೋಯಿತು. ಹೊಳೆಯ ಕೆಸರಿನ ವಾಸನೆ ಬಂತು.

ಕಣ್ಣು ತೆರೆದಾಗ ಸಾರಿಸಿದ ನೆಲದ ಮೇಲೆ ಹಸೀ ಹೆಜ್ಜೆ ಅಡಿಗೆಮನೆಯ ತನಕ ಹೋಗಿದ್ದವು.

ನೀಲವ್ವ ಎರಡು ಗಂಗಾಳ ಹಾಕಿದಳು. ಎದುರಾಬದುರು. ಗದಿಗೆಪ್ಪ ತಲೆ ಬಗ್ಗಿಸಿ ಉಂಡ. ಎದುರಿನ ಗಂಗಾಳದ ಅನ್ನ ಕಡಿಮೆಯಾಗಲಿಲ್ಲ. ಅದರ ಪಕ್ಕದ ತಂಬಿಗೆಯ ನೀರು ಮಾತ್ರ ಯಾರೂ ಹಾಕದೆ ಮೇಲೆ ಮೇಲೆ ಬಂದು, ತುಂಬಿ, ಅಂಚು ಮೀರಿ ನೆಲಕ್ಕೆ ಹರಿಯಿತು.

“ಉಪ್ಪು ಸರಿ ಐತೇನೋ ಇವತ್ತ?” ತಾಯಿ ಕೇಳಿದಳು.

ಅವಳು ಕೇಳಿದ್ದು ತನ್ನನ್ನಲ್ಲ ಅಂತ ತಿಳಿದು ಗದಿಗೆಪ್ಪ ಸುಮ್ಮನೆ ಉಂಡ.

ಒಂಬತ್ತು ದಿನ ಬಿಟ್ಟು ಅವನು ಮಂಟಪಕ್ಕೆ ಬಂದ. ಕಣ್ಣು ಗುಳಿಬಿದ್ದಿತ್ತು. ಅಜ್ಜನ ಎದುರು ಕೂತ.

“ಅಣ್ಣ ದಿನಾ ಬರತಾನ್ರಿ. ದಾಟಿ ಒಳಗ ಬರತಾನ. ಉಂಡ ಮ್ಯಾಲೆ ಹೋದದ್ದೂ ಕಾಣತೈತಿ. ಅವ್ವ ನನ್ನ ಹೆಂಡತಿನ್ನ ಕರಸ್ಯಾಳ. ಬೆಂಡೋಲಿ ಇಸಗೊಂಡು ತಿರಗಿ ಹಾಕ್ಕೊಂಡಾಳ.”

“ಚೊಲೋ ಆತು.”

“ನಾ ಸಾಯಲಿಲ್ರಿ.”

“ಕಾಣತೈತಿ.”

“ಹೊಸ್ತಿಲ ಮುಟ್ಟಿ ಹಾಕಿದ ಆಣಿ ಸುಳ್ಳಾಗಂಗಿಲ್ಲಲ್ರಿ. ದಿನಾ ಎದಿ ಮುಟ್ಟಿ ನೋಡಿಕೋತೀನಿ. ಉಣ್ಣೋವಾಗ ಎದುರಿಗೆ ಕುಂತು ಅಂವ ನನ್ನನ್ನ ನೋಡಿದಂಗ ಆಗತೈತಿ. ಯಾವಾಗ್ರಿ ಅಜ್ಜಾರ? ಇವತ್ತೋ, ನಾಳೆಯೋ?”

ಅಜ್ಜ ಹೊಳೆ ನೋಡುತ್ತ ಕೂತಿದ್ದ.

“ಅಣ್ಣತಮ್ಮರು ಅಂದಮ್ಯಾಲೆ ಒಬ್ಬರ ಹೆಣ ಒಬ್ಬರು ನೋಡೋದು ಇದ್ದದ್ದ. ಅವಂದು ನಿನಗ ಸಿಗಲಿಲ್ಲ, ನಿಂದು ಅವಗ ಸಿಗತೈತಿ. ಯಾವಾಗ ಅಂತ ನಿನ್ನ ಆಣ್ಯಾಗ ಇಲ್ಲ. ಅಲ್ಲೀತನಕ ಅವನ ಎದುರಿಗೆ ಕುಂತು ಹೊಟ್ಟಿ ತುಂಬ ಉಣ್ಣು.”